ನಿನ್ನೆಗೆ ಮರಳುವ ಗಣಕಯಂತ್ರ

2024ನೆಯ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ನೀರಿನೊಡನೆ ಕೊಚ್ಚಿಹೋದುದು ವಾಚಕರಿಗೆ ನೆನಪಿರಬಹುದು. 60 ಅಡಿ ಅಗಲದ ಆ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚಬಲ್ಲ ಉಕ್ಕಿನ ತಡೆಹಲಗೆಗಳು ಆ ಹೊತ್ತಿಗೆ ಸಿದ್ಧವಾಗಿರಲಿಲ್ಲ. ಅಳತೆ ನೋಡಿ, ಹಲಗೆಗಳನ್ನು ತಯಾರಿಸಿ, ಹರಿಯುವ ನೀರಿನಲ್ಲಿಯೇ ಅವನ್ನು ಇಳಿಸುವ ಹೊತ್ತಿಗೆ ಸುಮಾರು ಒಂದು ವಾರವೇ ಕಳೆಯಿತು. ಗಣಕಯಂತ್ರವನ್ನು ಬಳಸುವವರು ಈ ವಿಷಯದಲ್ಲಿ ಅದೃಷ್ಟಶಾಲಿಗಳೆನ್ನಬೇಕು. ಯಂತ್ರದ ತಂತ್ರಾಂಶವು ಕೆಟ್ಟರೆ ಬೇಕಾಗುವ ಬದಲಿ ಬಾಗಿಲನ್ನು ಅವರು ಮುಂಚಿತವಾಗಿಯೇ ಮಾಡಿಟ್ಟುಕೊಳ್ಳಬಲ್ಲರು. ಆದರೆ ಹಾಗೆ ಇಟ್ಟುಕೊಂಡ ಬಾಗಿಲು ಸಮಯಕ್ಕೆ ಸರಿಯಾಗಿ ತನ್ನ ತೋಡಿನಲ್ಲಿ ಕೂಡದೆ ಹೋಗುವುದೂ ಉಂಟು. ಅದಕ್ಕೆ ಕಾರಣವೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಕಂಪ್ಲಿಯ ಪೇಟೆಯಲ್ಲಿ ಒಂದು ಸಣ್ಣ ಅಚ್ಚುಕೂಟವಿದೆಯೆಂದು ಇಟ್ಟುಕೊಳ್ಳುವ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಇವು ಅಲ್ಲಿಯ ಕೆಲಸ. ಅಕ್ಷರ ಜೋಡಿಸುವ ಗಣಕವು ಲಿನಕ್ಸ್‌ನಿಂದ ನಡೆಯುತ್ತದೆ. ಒಂದು ಸಂಜೆ ಯಂತ್ರವು ಹೊಸ ತಂತ್ರಾಂಶಗಳನ್ನು ತರಿಸಿಕೊಂಡು ತನ್ನನ್ನು ನವೀಕರಿಸಿಕೊಂಡಿತು. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಪರದೆಯ ಮೇಲೆ ಕರಿಯ ಬಯಲು! ಮಾಲೀಕನು ಜಾಣ; ನವೀಕರಣಕ್ಕೆ ಮೊದಲು ಸ್ನ್ಯಾಪ್‌ಷಾಟ್ ಎಂಬ ಪ್ರತಿಬಿಂಬವೊಂದು ತಾನಾಗಿಯೇ ಉಳಿಯುವಂತೆ ಏರ್ಪಾಡು ಮಾಡಿದ್ದಾನೆ. ಆರಂಭದ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಅದನ್ನು ಆರಿಸಿದರೆ ಅದೂ ಅರ್ಧದಲ್ಲಿ ನಿಂತಿತು. ಹನ್ನೊಂದು ಗಂಟೆಗೆ ಹೆಣ್ಣಿನ ಕಡೆಯವರು ಪತ್ರಿಕೆಗಾಗಿ ಬರುವವರಿದ್ದಾರೆ.

ಪ್ರತಿಬಿಂಬವೆಂದರೇನೆಂಬುದನ್ನು ಮೊದಲು ತಿಳಿಯಬೇಕು. ಹಿಂದೆ ನಮ್ಮ ವರ್ತಕರ ಮನೆಗಳಲ್ಲಿ ಕಡತವೆಂಬ ಕರಿಯ ಬಟ್ಟೆಯ ಮಡಿಕೆ ಪುಸ್ತಕವಿರುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುವರು. ಬೇಡವಾದುದನ್ನು ಒರಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವರು. ಇಂದು ನಾವು ಫೈಲಿಗೆ ಕಡತವೆಂಬ ಆ ಹೆಸರನ್ನೇ ಇಟ್ಟುಕೊಂಡಿದ್ದೇವೆ. ಹಳೆಯ ಬಗೆಯ ಕಡತ ವ್ಯವಸ್ಥೆಗಳು ಡಿಸ್ಕಿನ ಮೇಲೆ ಮಾಡುವುದೂ ಬಹುಮಟ್ಟಿಗೆ ಅದನ್ನೇ. ಹಂಪಿಯ ಕಲ್ಬರಹದ ರೀತಿ ಬೇರೆ. ಅಲ್ಲಿ ಹೊಸ ದತ್ತಿ ಬಂದರೆ ಸಾಮಾನ್ಯವಾಗಿ ಹೊಸ ಕಲ್ಲು ನಿಲ್ಲುವುದು, ಹಳೆಯದು ಇದ್ದಲ್ಲಿಯೇ ಇರುವುದು. ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಈ ಎರಡನೆಯ ಜಾತಿಯದು. ಓರೇಕಲ್ ಸಂಸ್ಥೆಯಲ್ಲಿದ್ದ ಕ್ರಿಸ್ ಮೇಸನ್ 2007ರಲ್ಲಿ ಇದನ್ನು ಪ್ರಕಟಿಸಿದರು. 2009ರಲ್ಲಿ ಇದು ಲಿನಕ್ಸ್‌ನ ಅಂಗವಾಯಿತು. ಒಂದು ಕಡತವು ಬದಲಾದರೆ ಈ ವ್ಯವಸ್ಥೆಯು ಹಳೆಯ ತುಣುಕನ್ನು ಮುಟ್ಟದೆ ಹೊಸದನ್ನು ಬೇರೊಂದು ಕಡೆ ಬರೆದು, ಯಾವುದು ಎಲ್ಲಿದೆಯೆಂಬ ಸೂಚಿಯನ್ನು ಮಾತ್ರ ತಿದ್ದುತ್ತದೆ. ಹಳೆಯ ಸೂಚಿಯನ್ನೂ ಎಸೆಯದೆ ಉಳಿಸಿಕೊಂಡರೆ ಅದೇ ಪ್ರತಿಬಿಂಬ. ಇದನ್ನು ತೆಗೆಯಲು ಕ್ಷಣಕಾಲ ಸಾಕು. ಆಗ ಅದಕ್ಕೆ ತಗಲುವ ಜಾಗವೂ ಅತ್ಯಲ್ಪ. ಡಿಸ್ಕೇ ಒಡೆದುಹೋದರೆ ಮಾತ್ರ ಹೊಸದೂ ಹಳೆಯದೂ ಒಟ್ಟಿಗೆ ನಾಶವಾಗುವುದರಿಂದ, ಇದನ್ನು ಬೇರೆಡೆ ಇಟ್ಟ ನಕಲಿನ ಸ್ಥಾನದಲ್ಲಿ ಎಣಿಸತಕ್ಕದ್ದಲ್ಲ.

ಇನ್ನು ಯಂತ್ರವು ಎಚ್ಚರಗೊಳ್ಳುವ ಕ್ರಮ. ವಿದ್ಯುತ್ತು ಹರಿದೊಡನೆ ಫಲಕದಲ್ಲಿ ಹುದುಗಿರುವ ಕಾರ್ಯಕ್ರಮವು ಬೂಟ್ ಲೋಡರನ್ನು ಕರೆಯುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ಇದು ಬಹಳ ಮಟ್ಟಿಗೆ ಗ್ರಬ್ ಎಂಬುದೇ ಆಗಿರುವುದು. ಗ್ರಬ್ ಒಂದು ಪಟ್ಟಿಯನ್ನು ತೋರಿಸಿ, ನಾವು ಆರಿಸಿದ ನಮೂದಿನಂತೆ ಕರ್ನಲ್ ಎಂಬ ತಿರುಳನ್ನೂ, ಆರಂಭಕ್ಕೆ ಬೇಕಾದ ಸಾಮಗ್ರಿಯ ಒಂದು ಸಣ್ಣ ಗಂಟನ್ನೂ ಸ್ಮೃತಿಗೆ ಏರಿಸುತ್ತದೆ. ಮೂಲ ಕಡತಕೋಶವು ಯಾವ ಡಿಸ್ಕಿನ ಯಾವ ವಿಭಾಗದಲ್ಲಿದೆಯೆಂದು ಕರ್ನಲಿನ ಕಿವಿಯಲ್ಲಿ ಒಂದು ಸಾಲು ಉಸುರಿ ತಾನು ಹಿಂದೆ ಸರಿಯುತ್ತದೆ. ಗ್ರಬ್ಬಿನ ಕೆಲಸ ಅಲ್ಲಿಗೆ ಮುಗಿಯಿತು.

ನಮೂದೆಂಬುದು ಬರಿಯ ಕೈಮರ. ಕಂಪ್ಲಿಯಲ್ಲಿ ಗಂಗಾವತಿಯ ಕಡೆಗೆ ಬೆರಳು ತೋರುವ ಹಲಗೆಯಲ್ಲಿ ಯಾವ ತಪ್ಪೂ ಇಲ್ಲದಿರಬಹುದು. ಆದರೆ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ದಿನ ಅಲ್ಲಿಯ ಸೇತುವೆಯೇ ಮುಳುಗಿರುತ್ತದೆ. ಹಲಗೆಗೆ ಮತ್ತೆ ಬಣ್ಣ ಬಳಿದರೆ ದಾಟಲಾದೀತೆ? ಬುಕ್ಕಸಾಗರ, ಕಡೆಬಾಗಿಲಿನ ಸೇತುವೆಯನ್ನು ಹಿಡಿದು ಸುತ್ತಿ ಹೋಗಬೇಕಾದೀತು. ಪ್ರತಿಬಿಂಬದ ನಮೂದು ಕೈಕೊಟ್ಟೊಡನೆ ಬಹಳ ಮಂದಿ ಗ್ರಬ್ಬನ್ನೇ ಅಳಿಸಿ ಹೊಸದಾಗಿ ಸ್ಥಾಪಿಸಲು ತೊಡಗುತ್ತಾರೆ. ಇದು ಹಲಗೆಗೆ ಬಣ್ಣ ಬಳಿಯುವ ಕೆಲಸವೆಂದೇ ನಮ್ಮ ಅಭಿಪ್ರಾಯ. ಹಲಗೆ ಕೆಟ್ಟಿದೆಯೋ ಸೇತುವೆ ಮುಳುಗಿದೆಯೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಹಲಗೆಯೇ ಕೆಟ್ಟಿರುವ ಸಂದರ್ಭಗಳು ಸುಲಭವಾದವು. ಗ್ರಬ್ಬಿನ ಪಟ್ಟಿಯು ಒಮ್ಮೆ ಬರೆದಿಟ್ಟ ಪಠ್ಯ. ಅದನ್ನು ಬರೆದ ಮೇಲೆ ತೆಗೆದ ಪ್ರತಿಬಿಂಬವು ಅದರಲ್ಲಿ ಕಾಣದು. ಬರೆದ ಮೇಲೆ ಅಳಿಸಿದ ಪ್ರತಿಬಿಂಬದ ಹೆಸರು ಅದರಲ್ಲಿ ಉಳಿದೇ ಇರುವುದು. ಇಂಥ ಹೆಸರನ್ನು ಆರಿಸಿದರೆ ಗ್ರಬ್ ಆರಂಭದಲ್ಲಿಯೇ ಕಡತ ಸಿಗಲಿಲ್ಲವೆಂದು ದೂರುತ್ತದೆ. ಯಂತ್ರವು ಹೇಗಾದರೂ ಎದ್ದ ಮೇಲೆ ಪಟ್ಟಿಯನ್ನು ಮತ್ತೆ ಬರೆಯಿಸಿದರೆ ಮುಗಿಯಿತು. ಗ್ರಬ್-ಬಿಟಿಆರ್‌ಎಫ್‌ಎಸ್ ಎಂಬ ಉಪಕರಣದ ಕಾವಲು ಕಾರ್ಯಕ್ರಮವನ್ನು ನಡೆಯಿಸಿದ್ದರೆ, ಪ್ರತಿಬಿಂಬವು ಸೇರಿದಾಗಲೂ ಅಳಿದಾಗಲೂ ಅದು ಪಟ್ಟಿಯನ್ನು ತಾನೇ ತಿದ್ದುತ್ತಿರುತ್ತದೆ.

ಸೇತುವೆ ಮುಳುಗಿದ ಸಂದರ್ಭವೇ ಕಷ್ಟದ್ದು. ನಮ್ಮ ಅಚ್ಚುಕೂಟದ್ದು ಇದೇ. ಅದರ ಗುಟ್ಟು ಹೀಗಿದೆ. ಬಿಟಿಆರ್‌ಎಫ್‌ಎಸ್ ತನ್ನೊಳಗಿನ ಒಂದು ಉಪಕೋಶದ ಪ್ರತಿಬಿಂಬವನ್ನು ಮಾತ್ರ ತೆಗೆಯಬಲ್ಲುದು. ಅನೇಕ ಯಂತ್ರಗಳಲ್ಲಿ ಕರ್ನಲನ್ನು ಇಡುವ ‘ಬೂಟ್’ ಕೋಶವು ಬೇರೊಂದು ವಿಭಾಗದಲ್ಲಿರುತ್ತದೆ. ಕಾಲವನ್ನು ಹಿಂದಿರುಗಿಸಿದರೂ ಅದು ಇಂದಿನ ಸ್ಥಿತಿಯಲ್ಲಿಯೇ ನಿಲ್ಲುತ್ತದೆ. ಕರ್ನಲಿಗೆ ಬೇಕಾದ ಬಿಡಿ ಅಂಗಗಳಾದ ಮಾಡ್ಯೂಲುಗಳಾದರೋ ಮೂಲಕೋಶದ ಒಳಗೆ, ಆಯಾ ಕರ್ನಲಿನ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಕೋಶದಲ್ಲಿರುತ್ತವೆ. ನವೀಕರಣದಲ್ಲಿ ಕರ್ನಲ್ ಬದಲಾಯಿತೆನ್ನಿ. ಈಗ ನಿನ್ನೆಯ ಪ್ರತಿಬಿಂಬವನ್ನು ಆರಿಸಿದರೆ ಇಂದಿನ ಕರ್ನಲ್ ಎದ್ದು, ನಿನ್ನೆಯ ಮನೆಯೊಳಗೆ ಕಾಲಿಟ್ಟು, ತನ್ನ ಸಂಖ್ಯೆಯ ಕೋಶವನ್ನು ಹುಡುಕುತ್ತದೆ. ಅದು ಅಲ್ಲಿಲ್ಲ!

ಇಲ್ಲಿ ಒಂದು ವಿಚಿತ್ರ ಕಾಣುವುದು. ಯಂತ್ರವು ಒಡನೆಯೇ ನಿಲ್ಲುವುದಿಲ್ಲ. ಆರಂಭದ ಗಂಟಿನಲ್ಲಿ ಡಿಸ್ಕನ್ನು ಓದುವಷ್ಟು ಮಾಡ್ಯೂಲುಗಳು ಇರುವುದರಿಂದ ಅದು ಸ್ವಲ್ಪ ದೂರ ನಡೆಯುತ್ತದೆ. ಆಮೇಲೆ ಜಾಲದ ಸಂಪರ್ಕವಿಲ್ಲ, ಚಿತ್ರಪರದೆ ಏಳದು, ಒಮ್ಮೊಮ್ಮೆ ಕೀಲಿಮಣೆಯೂ ಮಿಡಿಯದು. ‘ವಿಎಫ್‌ಎಟಿ’ ಎಂಬ ಕಡತ ವ್ಯವಸ್ಥೆ ತನಗೆ ಗೊತ್ತಿಲ್ಲವೆಂಬ ಸಂದೇಶದೊಡನೆ ತುರ್ತು ಸ್ಥಿತಿಗೆ ಹೋಗಿ ನಿಲ್ಲುವುದೂ ಉಂಟು. ಈ ಸಂದೇಶವನ್ನು ಕಂಡವರು ಡಿಸ್ಕು ಹಾಳಾಯಿತೆಂದು ಹೆದರುತ್ತಾರೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ. ಆ ವ್ಯವಸ್ಥೆಯನ್ನು ಓದಬಲ್ಲ ಮಾಡ್ಯೂಲು ಇಲ್ಲದಿರುವುದಷ್ಟೇ ಕಾರಣ.

ಪರೀಕ್ಷೆ ಹೇಗೆ? ಗ್ರಬ್ಬಿನ ಪಟ್ಟಿಯಲ್ಲಿ ಆ ನಮೂದಿನ ಮೇಲೆ ನಿಂತು ಇಂಗ್ಲಿಷಿನ ‘ಇ’ ಕೀಲಿಯನ್ನು ಒತ್ತಿದರೆ ಅದರ ಪಠ್ಯ ತೆರೆಯುವುದು. ಅಲ್ಲಿ ತಿದ್ದಿದ್ದು ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುವುದರಿಂದ ಭಯಪಡಬೇಕಾದುದಿಲ್ಲ. ‘ಲಿನಕ್ಸ್’ ಎಂದು ಮೊದಲಾಗುವ ಸಾಲಿನಲ್ಲಿ ಎರಡನ್ನು ನೋಡಬೇಕು: ಯಾವ ಸಂಖ್ಯೆಯ ಕರ್ನಲ್, ಮತ್ತು ‘ಸಬ್‌ವಾಲ್’ ಎಂಬುದರ ಮುಂದೆ ಯಾವ ಪ್ರತಿಬಿಂಬದ ಹಾದಿ. ಇವೆರಡೂ ಒಂದೇ ದಿನದವೇ? ಉಬುಂಟು, ಡೆಬಿಯನ್ ಮುಂತಾದವು ಹಿಂದಿನ ಕರ್ನಲನ್ನೂ ಉಳಿಸಿಕೊಂಡಿರುತ್ತವೆ. ಅಂಥಲ್ಲಿ ಪ್ರತಿಬಿಂಬದ ಉಪಪಟ್ಟಿಯಿಂದ ಹಳೆಯ ಸಂಖ್ಯೆಯ ಕರ್ನಲನ್ನೇ ಆರಿಸಿದರೆ ಸಾಕು, ಯಂತ್ರವು ಏಳುವುದು. ಒಂದೇ ಕರ್ನಲನ್ನು ಇಡುವ ಆರ್ಚ್‌ನಂಥ ಬಗೆಗಳಲ್ಲಿ, ಯು.ಎಸ್.ಬಿ. ಕಡ್ಡಿಯಲ್ಲಿರುವ ಬೇರೊಂದು ಲಿನಕ್ಸ್‌ನಿಂದ ಯಂತ್ರವನ್ನು ಎಬ್ಬಿಸಿ, ಕೆಟ್ಟ ಕೋಶದೊಳಗೆ ಹೊಕ್ಕು, ಕರ್ನಲನ್ನು ಮರಳಿ ಸ್ಥಾಪಿಸಬೇಕಾಗುವುದು.

ಶಾಶ್ವತವಾದ ಪರಿಹಾರವೂ ಇದೆ. ಗ್ರಬ್ಬಿಗೆ ಬಿಟಿಆರ್‌ಎಫ್‌ಎಸ್ ಅನ್ನು ನೇರವಾಗಿ ಓದುವ ಶಕ್ತಿಯುಂಟು. ಆದುದರಿಂದ ‘ಬೂಟ್’ ಕೋಶವನ್ನು ಬೇರೆ ವಿಭಾಗದಲ್ಲಿ ಇಡದೆ ಮೂಲಕೋಶದೊಳಗೇ ಇಟ್ಟರೆ, ಪ್ರತಿಯೊಂದು ಪ್ರತಿಬಿಂಬವೂ ತನ್ನ ಕರ್ನಲನ್ನು ತನ್ನೊಡನೆ ಹೊತ್ತಿರುತ್ತದೆ. ನಾವು ಮೆಚ್ಚುವ ಏರ್ಪಾಡು ಇದು. ಸಿಸ್ಟಮ್‌ಡಿ-ಬೂಟ್ ಎಂಬ ಇನ್ನೊಂದು ಲೋಡರು ತಾನಾಗಿ ಬಿಟಿಆರ್‌ಎಫ್‌ಎಸ್ ಅನ್ನು ಓದಲಾರದ್ದರಿಂದ ಅಲ್ಲಿ ಈ ಉಪಾಯ ನಡೆಯದು.

ಮತ್ತೆರಡು ತೊಡಕುಗಳನ್ನು ಹೇಳಬೇಕು. ಸ್ನ್ಯಾಪರ್ ಎಂಬ ಉಪಕರಣವು ತೆಗೆಯುವ ಪ್ರತಿಬಿಂಬಗಳು ಸಾಮಾನ್ಯವಾಗಿ ಓದಲಿಕ್ಕೆ ಮಾತ್ರ ತೆರೆದಿರುತ್ತವೆ. ಏಳುವ ಯಂತ್ರವು ತನ್ನ ದಿನಚರಿಯನ್ನು ಎಲ್ಲಿಯಾದರೂ ಬರೆಯಲೇಬೇಕಷ್ಟೆ. ಬರೆಯಲು ಎಡೆಯಿಲ್ಲದೆ ಪ್ರವೇಶದ ಪರದೆಯ ಬಳಿ ಅದು ಸೋಲುವುದು. ಓಪನ್‌ಸೂಸೆಯವರು ಬರೆಯುವ ಭಾಗವನ್ನು ಬೇರೆ ಉಪಕೋಶವಾಗಿ ಇಟ್ಟು ಇದನ್ನು ನಿವಾರಿಸಿದ್ದಾರೆ. ಎರಡನೆಯದು, ಯಾವ ಕೋಶವನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಉಪಕೋಶದ ಹೆಸರನ್ನೂ ಅದರ ಕ್ರಮಸಂಖ್ಯೆಯನ್ನೂ ಒಟ್ಟಿಗೆ ಬರೆದಿರುವುದು. ಹಳೆಯ ಪ್ರತಿಬಿಂಬವನ್ನು ಮೂಲದ ಸ್ಥಾನಕ್ಕೆ ತಂದಾಗ ಹೆಸರು ಅದೇ ಆದರೂ ಸಂಖ್ಯೆ ಬೇರೆ. ಎರಡೂ ಹೊಂದದಿದ್ದರೆ ಬಿಟಿಆರ್‌ಎಫ್‌ಎಸ್ ಬಾಗಿಲು ತೆರೆಯದು. ಸಂಖ್ಯೆಯನ್ನು ಅಳಿಸಿ ಹೆಸರನ್ನು ಮಾತ್ರ ಉಳಿಸಿದರೆ ತೊಡಕಿಲ್ಲ.

ಪಟ್ಟಿಯಿಂದ ಆರಿಸಿ ಎಬ್ಬಿಸಿದ ಮಾತ್ರಕ್ಕೆ ಯಂತ್ರವು ನಿನ್ನೆಗೆ ನೆಲೆಯಾಗಿ ಮರಳಿತೆಂದಲ್ಲ. ಅದು ಅತಿಥಿಯಾಗಿ ಹೋಗಿ ಬಂದಂತೆ. ಮರುಸಲ ಏನನ್ನೂ ಆರಿಸದಿದ್ದರೆ ಕೆಟ್ಟ ಸ್ಥಿತಿಯೇ ಮೇಲೇಳುವುದು. ಆದುದರಿಂದ ಎದ್ದ ಕೂಡಲೆ ಟೈಮ್‌ಶಿಫ್ಟ್ ಅಥವಾ ಸ್ನ್ಯಾಪರಿನ ಮೂಲಕ ಮರಳಿಕೆಯನ್ನು ಸ್ಥಿರಪಡಿಸಿ, ಯಂತ್ರವನ್ನು ಮತ್ತೊಮ್ಮೆ ಎಬ್ಬಿಸಿ, ಗ್ರಬ್ಬಿನ ಪಟ್ಟಿಯನ್ನು ಹೊಸದಾಗಿ ಬರೆಯಿಸಬೇಕು. ಏಕೆಂದರೆ ಮೂಲಕೋಶದೊಳಗೇ ಇದ್ದ ಪಟ್ಟಿಯೂ ಅದರೊಡನೆ ಹಳೆಯದಾಗಿರುವುದು. ಬಳಕೆದಾರನ ‘ಹೋಮ್’ ಕೋಶವು ಪ್ರತ್ಯೇಕ ಉಪಕೋಶವಾಗಿದ್ದು ಮರಳಿಕೆಯಲ್ಲಿ ಅದನ್ನು ಸೇರಿಸದಿದ್ದರೆ, ನಮ್ಮ ಅಚ್ಚುಕೂಟದವನು ನಿನ್ನೆ ರಾತ್ರಿ ಜೋಡಿಸಿದ ಪುಟಗಳು ಇದ್ದಂತೆಯೇ ಸಿಗುವುವು. ಅದೂ ಮೂಲಕೋಶದಲ್ಲಿಯೇ ಸೇರಿದ್ದರೆ ಪ್ರತಿಬಿಂಬ ತೆಗೆದ ಹೊತ್ತಿನ ಆಚೆಗಿನ ಕೆಲಸವೊಂದೂ ಅದರಲ್ಲಿ ಇರದು. ಅಂಥಲ್ಲಿ ಮರಳಿಕೆಯನ್ನು ಸ್ಥಿರಪಡಿಸುವ ಮುನ್ನ ಕೆಟ್ಟ ಕೋಶವನ್ನು ತೆರೆದು, ಆ ರಾತ್ರಿಯ ಲಗ್ನಪತ್ರಿಕೆಗಳನ್ನು ಯು.ಎಸ್.ಬಿ. ಕಡ್ಡಿಗೆ ನಕಲು ಮಾಡಿಕೊಳ್ಳತಕ್ಕದ್ದು.