ಪಣ ಏರಿಸುವ ಮುನ್ನ ಇಳಿಯುವ ಲೆಕ್ಕ

ಪೋಕರ್ ಆಡುವುದಕ್ಕೆಂದೇ ಮನೆಖರ್ಚು, ಉಳಿತಾಯ ಮತ್ತು ಸಾಲದ ಕಂತುಗಳಿಂದ ಪೂರ್ತಿಯಾಗಿ ಬೇರ್ಪಡಿಸಿ ಇಟ್ಟ ಹಣಕ್ಕೆ ಆಟಗಾರರ ವಲಯದಲ್ಲಿ ಬ್ಯಾಂಕ್‌ರೋಲ್ ಎಂದು ಹೆಸರು. ಅದು ಅಷ್ಟೂ ಕರಗಿಹೋದರೂ ಮನೆಯ ಲೆಕ್ಕದಲ್ಲಿ ಒಂದು ಸಾಲೂ ಬದಲಾಗಬಾರದು ಎಂಬುದು ಅದರ ಮೊದಲ ಲಕ್ಷಣ. ಆ ಲಕ್ಷಣವಿಲ್ಲದ ಹಣಕ್ಕೆ ಮುಂದೆ ವಿವರಿಸಲಾಗುವ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಸಣ್ಣ ಪಣದ ಮೇಜಿನಿಂದ ದೊಡ್ಡ ಪಣದ ಮೇಜಿಗೆ ಯಾವಾಗ ಹೋಗಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಮರಳಿ ಕೆಳಗೆ ಬರಬೇಕು ಎಂಬ ನಿರ್ಧಾರ ಈ ಗಂಟಿನ ಗಾತ್ರಕ್ಕೂ ಆಟದ ಸಹಜ ಏರಿಳಿತಕ್ಕೂ ಇರುವ ಸಂಬಂಧವನ್ನು ಅವಲಂಬಿಸಿದೆ.

ಲೆಕ್ಕಕ್ಕೆ ಇಳಿಯುವ ಮೊದಲು ಕಾನೂನಿನ ಮಾತು. ಭಾರತದಲ್ಲಿ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು, ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವುದು, ಅವುಗಳ ಜಾಹೀರಾತು ಮತ್ತು ಅವುಗಳಿಗಾಗಿ ನಡೆಯುವ ಹಣಕಾಸು ವ್ಯವಹಾರವನ್ನು ನಿಷೇಧಿಸುತ್ತದೆ. ಕರ್ನಾಟಕದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದಾಗ ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ವಾದಕ್ಕೆ ತೂಕವಿತ್ತು. ಕೇಂದ್ರದ ಕಾಯ್ದೆ ಆ ಭೇದವನ್ನೇ ಬದಿಗಿರಿಸಿದೆ. ಆದ್ದರಿಂದ ಈ ವಿವರಣೆ ಪರವಾನಗಿ ಪದ್ಧತಿ ಜಾರಿಯಲ್ಲಿರುವ ಬ್ರಿಟನ್, ಕೆನಡಾದ ಒಂಟಾರಿಯೊ, ಅಮೆರಿಕದ ನ್ಯೂಜೆರ್ಸಿಯಂಥ ಕಡೆಗಳಿಗೆ ಸಂಬಂಧಿಸಿದ್ದು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು, ಇಲ್ಲಿರುವವರಿಗೆ ಸಂಭವನೀಯತೆಯ ಗಣಿತವಾಗಿ ಮಾತ್ರ.

ಮೊದಲ ಹೆಜ್ಜೆ: ಅಳತೆಗೋಲು

ಅತಿ ಹೆಚ್ಚು ಪ್ರಚಾರದಲ್ಲಿರುವ ನೋ-ಲಿಮಿಟ್ ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ಎಲೆ ಹಂಚುವ ಮೊದಲೇ ಇಬ್ಬರು ಆಟಗಾರರು ಕಡ್ಡಾಯವಾಗಿ ಕಟ್ಟಬೇಕಾದ ಪಣಕ್ಕೆ ಬ್ಲೈಂಡ್ ಎಂದು ಹೆಸರು. ಇವೆರಡರಲ್ಲಿ ದೊಡ್ಡದಾದ ಬಿಗ್ ಬ್ಲೈಂಡ್ ಇಡೀ ಆಟದ ಅಳತೆಗೋಲು. ಮೇಜಿಗೆ ಕೂರುವಾಗ ತರುವ ಹಣ ಬೈ-ಇನ್ ಆಗಿದ್ದು, ಅದು ಸಾಮಾನ್ಯವಾಗಿ 100 ಬಿಗ್ ಬ್ಲೈಂಡ್‌ನಷ್ಟಿರುತ್ತದೆ. 5 ಮತ್ತು 10 ಸೆಂಟ್‌ಗಳ ಬ್ಲೈಂಡ್ ಇರುವ ಮೇಜಿನ ಬೈ-ಇನ್ 10 ಡಾಲರ್ ಆದ್ದರಿಂದ ಅದನ್ನು ಎನ್‌ಎಲ್10 ಎಂದೂ, 10 ಮತ್ತು 25 ಸೆಂಟ್‌ಗಳ ಮೇಜನ್ನು ಎನ್‌ಎಲ್25 ಎಂದೂ ಕರೆಯಲಾಗುತ್ತದೆ. ಬ್ಯಾಂಕ್‌ರೋಲನ್ನು ಡಾಲರ್‌ಗಳಲ್ಲಿ ಎಣಿಸುವ ಬದಲು ಆಡುತ್ತಿರುವ ಮೇಜಿನ ಎಷ್ಟು ಬೈ-ಇನ್‌ಗಳಿವೆ ಎಂದು ಎಣಿಸುವ ಅಭ್ಯಾಸವೇ ಮೊದಲ ಹೆಜ್ಜೆ, ಏಕೆಂದರೆ 300 ಡಾಲರ್ ಎಂಬುದು ಒಂದು ಮೇಜಿನಲ್ಲಿ 30 ಸೋಲುಗಳನ್ನು ತಡೆದುಕೊಳ್ಳುವ ಶಕ್ತಿಯಾದರೆ ಪಕ್ಕದ ಮೇಜಿನಲ್ಲಿ ಬರೀ 12 ಸೋಲುಗಳಿಗೆ ಮುಗಿದುಹೋಗುವ ಮೊತ್ತ.

ಎರಡನೆಯ ಹೆಜ್ಜೆ: ಗೆಲುವಿನ ದರವನ್ನು ನಂಬದಿರುವುದು

ಎಲೆ ಹಂಚಿದಲ್ಲಿಂದ, ಎಲ್ಲರ ಪಣ ಒಟ್ಟುಗೂಡುವ ಪಾಟ್‌ನ ಹಣ ಒಬ್ಬರ ಪಾಲಾಗುವವರೆಗಿನ ಸುತ್ತನ್ನು ಹ್ಯಾಂಡ್ ಎನ್ನುತ್ತಾರೆ. ಪ್ರತಿ 100 ಹ್ಯಾಂಡ್‌ಗಳಿಗೆ ಸರಾಸರಿ ಎಷ್ಟು ಬಿಗ್ ಬ್ಲೈಂಡ್ ಗಳಿಕೆಯಾಯಿತು ಎಂಬುದು ಗೆಲುವಿನ ದರ. ಇದನ್ನು ಲೆಕ್ಕ ಹಾಕುವಾಗ, ನಿರ್ವಾಹಕ ಕಂಪನಿಯು ಪ್ರತಿ ಪಾಟ್‌ನಿಂದ ಮುರಿದುಕೊಳ್ಳುವ ರೇಕ್ ಎಂಬ ಕಮಿಷನ್ (ಸಣ್ಣ ಮೇಜುಗಳಲ್ಲಿ ಶೇ 5ರ ಆಸುಪಾಸು) ಕಳೆದ ಮೇಲಿನ ಮೊತ್ತವನ್ನೇ ಹಿಡಿಯಬೇಕು. ಎದುರಾಳಿಗಳನ್ನು ಸೋಲಿಸಿಯೂ ರೇಕಿಗೆ ಸೋಲುವವರ ಸಂಖ್ಯೆ ಕಡಿಮೆಯದಲ್ಲ.

ಆರು ಜನರ ಮೇಜಿನಲ್ಲಿ 100 ಹ್ಯಾಂಡ್‌ಗಳ ಫಲಿತಾಂಶ ಸರಾಸರಿಯಿಂದ ಎಷ್ಟು ಆಚೀಚೆ ಹೊಯ್ದಾಡುತ್ತದೆ ಎಂಬುದನ್ನು ತೋರುವ ಮಾನಕ ವಿಚಲನೆ ಸುಮಾರು 80ರಿಂದ 100 ಬಿಗ್ ಬ್ಲೈಂಡ್‌ಗಳಷ್ಟಿರುತ್ತದೆ. ಅದನ್ನು 90 ಎಂದು ಹಿಡಿದರೆ, 10,000 ಹ್ಯಾಂಡ್‌ಗಳ ಬಳಿಕ ಕಂಡುಬಂದ ದರದ ಮಾನಕ ದೋಷ 9 ಆಗುತ್ತದೆ. ಅಂದರೆ ದಾಖಲೆಯಲ್ಲಿ 5 ಎಂದು ಕಾಣುವ ಆಟಗಾರನ ನಿಜವಾದ ದರ ಸೊನ್ನೆಗಿಂತ ಕೆಳಗೂ ಇರಬಹುದು, ಹತ್ತನ್ನು ದಾಟಿಯೂ ಇರಬಹುದು. ನಿಜವಾಗಿಯೂ 5ರ ದರದಲ್ಲಿ ಗೆಲ್ಲುವವನೇ 10,000 ಹ್ಯಾಂಡ್‌ಗಳ ಕೊನೆಗೆ ನಷ್ಟದಲ್ಲಿರುವ ಸಂಭವ ಸುಮಾರು ಶೇ 29. ಒಂದು ಲಕ್ಷ ಹ್ಯಾಂಡ್‌ಗಳಾದ ಮೇಲೂ ದೋಷ 3ರ ಹತ್ತಿರವೇ ಉಳಿಯುತ್ತದೆ. ನಾಲ್ಕು ಮೇಜುಗಳಲ್ಲಿ ಏಕಕಾಲಕ್ಕೆ ಆಡಿ ಗಂಟೆಗೆ 300 ಹ್ಯಾಂಡ್ ಮುಗಿಸುವವನಿಗೂ ಒಂದು ಲಕ್ಷ ಎಂದರೆ 330 ಗಂಟೆಗಳಿಗೂ ಮಿಕ್ಕ ಆಟ. ಎರಡು ವಾರ ಚೆನ್ನಾಗಿ ನಡೆಯಿತೆಂದು ಪಣ ಏರಿಸುವವರು ಈ ಅಂಕಿಗಳ ಮುಂದೆ ತುಸು ಹೊತ್ತು ಕುಳಿತರೆ ಒಳ್ಳೆಯದು.

ಮೂರನೆಯ ಹೆಜ್ಜೆ: ಎಷ್ಟು ಬೈ-ಇನ್ ಸಾಕು

ಇಡೀ ಬ್ಯಾಂಕ್‌ರೋಲ್ ಕಳೆದುಕೊಳ್ಳುವ ಸಂಭವವನ್ನು ದಿವಾಳಿಯ ಸಂಭವ ಎನ್ನಬಹುದು. ಅದನ್ನು ಗೆಲುವಿನ ದರ, ಮಾನಕ ವಿಚಲನೆ ಮತ್ತು ಬ್ಯಾಂಕ್‌ರೋಲ್ ಈ ಮೂರರಿಂದ ಅಂದಾಜಿಸುವ ಸೂತ್ರವೊಂದು ಬಳಕೆಯಲ್ಲಿದೆ. ದರ 5, ವಿಚಲನೆ 90 ಇದ್ದಾಗ 20 ಬೈ-ಇನ್ ಇರುವವನಿಗೆ ಈ ಸಂಭವ ಸುಮಾರು ಶೇ 8.5, 30 ಬೈ-ಇನ್‌ಗೆ ಶೇ 2.5, 40ಕ್ಕೆ ಶೇ 1ಕ್ಕಿಂತ ಕಡಿಮೆ. ದರ 2.5ಕ್ಕೆ ಇಳಿದರೆ ಅದೇ 20 ಬೈ-ಇನ್‌ನಲ್ಲಿ ಸಂಭವ ಶೇ 29ಕ್ಕೆ ಜಿಗಿಯುತ್ತದೆ. ದರ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಯಾವ ಬ್ಯಾಂಕ್‌ರೋಲೂ ಸಾಲದು, ದಿವಾಳಿ ಖಚಿತ; ಉಳಿಯುವ ಪ್ರಶ್ನೆ ಎಷ್ಟು ದಿನಕ್ಕೆ ಎಂಬುದು ಮಾತ್ರ.

ಪಣ ಏರಿಸುವವರು ಸಾಮಾನ್ಯವಾಗಿ ಗಮನಿಸದ ಸಂಗತಿ ಇದರಲ್ಲಿ ಅಡಗಿದೆ. ಮೇಲಿನ ಮೇಜಿನಲ್ಲಿ ಎದುರಾಳಿಗಳು ಹೆಚ್ಚು ನುರಿತವರಾಗಿರುವುದರಿಂದ ಗೆಲುವಿನ ದರ ತಗ್ಗುತ್ತದೆ. ಎನ್‌ಎಲ್10ರಲ್ಲಿ 5ರ ದರದಲ್ಲಿ ಗೆಲ್ಲುವವನಿಗೆ 200 ಡಾಲರ್ ಕೊಡುವ ಭದ್ರತೆಯೇ ಎನ್‌ಎಲ್25ರಲ್ಲಿ ದರ ಅರ್ಧವಾದಾಗ ಬೇಕೆಂದರೆ 40 ಬೈ-ಇನ್, ಅಂದರೆ 1,000 ಡಾಲರ್ ಬೇಕಾಗುತ್ತದೆ. ಪಣ ಎರಡೂವರೆ ಪಟ್ಟು ಏರಿದರೆ ಬಂಡವಾಳ ಐದು ಪಟ್ಟು ಏರಬೇಕು. ಆದರೆ ಈ ಸೂತ್ರಕ್ಕೆ ಒಂದು ಪೂರ್ವಷರತ್ತಿದೆ: ಆಟಗಾರ ಎಷ್ಟೇ ಸೋತರೂ ಅದೇ ಮೇಜಿನಲ್ಲಿ ಕುಳಿತಿರುತ್ತಾನೆ ಎಂದು ಅದು ಭಾವಿಸುತ್ತದೆ. ಸೋತಾಗ ಕೆಳಗಿಳಿಯುವವನಿಗೆ ಅಷ್ಟು ದೊಡ್ಡ ಬಂಡವಾಳ ಬೇಕಾಗುವುದಿಲ್ಲ. ಹಣದ ಕೊರತೆಯನ್ನು ಇಳಿಯುವ ಶಿಸ್ತು ತುಂಬಿಕೊಡುತ್ತದೆ.

ನಾಲ್ಕನೆಯ ಹೆಜ್ಜೆ: ಏರುವುದು, ಇಳಿಯುವುದು

ಈ ಶಿಸ್ತಿನ ಪ್ರಸಿದ್ಧ ಪ್ರಯೋಗ ಕ್ರಿಸ್ ಫರ್ಗುಸನ್ ಅವರದು. ಪೋಕರ್ ವಿಶ್ವ ಸರಣಿಯ 2000ದ ಮುಖ್ಯ ಸ್ಪರ್ಧೆಯನ್ನು ಗೆದ್ದಿದ್ದ ಅವರು 2006ರಲ್ಲಿ ಫುಲ್ ಟಿಲ್ಟ್ ತಾಣದಲ್ಲಿ ಸೊನ್ನೆಯಿಂದ ಹೊರಟು, ಪ್ರವೇಶ ಶುಲ್ಕವಿಲ್ಲದ ಸ್ಪರ್ಧೆಗಳಲ್ಲಿ ಮೊದಲ ಡಾಲರ್‌ಗಳನ್ನು ಗಳಿಸಿ, ಮರುವರ್ಷ 10,000 ಡಾಲರ್ ತಲುಪಿದರು. ಯಾವುದೇ ಮೇಜಿಗೆ ಬ್ಯಾಂಕ್‌ರೋಲಿನ ಶೇ 5ಕ್ಕಿಂತ ಹೆಚ್ಚು, ನೂರಾರು ಜನರ ಟೂರ್ನಮೆಂಟ್‌ಗೆ ಶೇ 2ಕ್ಕಿಂತ ಹೆಚ್ಚು ತೊಡಗಿಸಬಾರದೆಂಬುದು ಅವರ ನಿಯಮವಾಗಿತ್ತು. ಬಹಳ ಸಣ್ಣ ಶುಲ್ಕದ ಆಟಗಳಿಗಷ್ಟೇ ವಿನಾಯಿತಿ. ಮೇಜಿನ ಮೇಲೆ ತಮ್ಮ ಮುಂದಿರುವ ಒಟ್ಟು ಹಣ ಬ್ಯಾಂಕ್‌ರೋಲಿನ ಶೇ 10ನ್ನು ಮೀರಿದರೆ, ಬ್ಲೈಂಡ್ ತಮ್ಮ ಸರದಿಗೆ ಬಂದಾಗ ಮೇಜು ಬಿಟ್ಟು ಏಳಬೇಕೆಂಬ ಮೂರನೆಯ ನಿಯಮ ಎಲ್ಲಕ್ಕಿಂತ ಜಾಣತನದ್ದು, ಏಕೆಂದರೆ ನೋ-ಲಿಮಿಟ್ ಆಟದಲ್ಲಿ ಅಷ್ಟೂ ಹಣ ಒಂದೇ ಹ್ಯಾಂಡ್‌ನಲ್ಲಿ ಹೋಗಬಹುದು.

ಶೇ 5 ಎಂದರೆ 20 ಬೈ-ಇನ್. ದರ ಗೊತ್ತಿಲ್ಲದ ಆಟಗಾರನಿಗೆ 30ರಿಂದ 40 ಹೆಚ್ಚು ವಿವೇಕದ್ದು. ಏರುವ ವಿಧಾನವನ್ನು ಒಂದು ಉದಾಹರಣೆಯಿಂದ ನೋಡಬಹುದು. ಎನ್‌ಎಲ್10 ಆಡುವವನ ಬ್ಯಾಂಕ್‌ರೋಲ್ 500 ಡಾಲರ್ ಆದಾಗ ಅವನು ಎನ್‌ಎಲ್25ಕ್ಕೆ ಮೂರು ಬೈ-ಇನ್, ಅಂದರೆ 75 ಡಾಲರ್ ಮೀಸಲಿಡುತ್ತಾನೆ. ಆಟಗಾರರ ಭಾಷೆಯಲ್ಲಿ ಇದಕ್ಕೆ ಶಾಟ್ ಎನ್ನುತ್ತಾರೆ. ಆ 75 ಹೋದರೆ ಅದೇ ದಿನ ಎನ್‌ಎಲ್10ಕ್ಕೆ ಮರಳುವುದು ಕಡ್ಡಾಯ. ಆಗಲೂ ಅವನ ಬಳಿ 42 ಬೈ-ಇನ್ ಉಳಿದಿರುತ್ತದೆ. ಗೆದ್ದು ಮೊತ್ತ 750ನ್ನು ಮುಟ್ಟಿದರೆ ಎನ್‌ಎಲ್25ರಲ್ಲೇ ನೆಲೆಯಾಗಬಹುದು.

ಇಳಿಯುವುದು ಕಷ್ಟವೆನಿಸುವುದಕ್ಕೆ ಕಾರಣವೂ ಅಂಕಿಗಳಲ್ಲಿದೆ. ಒಂದೇ ಸಂಜೆ ಹೋದ 75 ಡಾಲರ್ ಎನ್‌ಎಲ್10ರಲ್ಲಿ 750 ಬಿಗ್ ಬ್ಲೈಂಡ್. 5ರ ದರದಲ್ಲಿ ಅದು ಮರಳಲು ಸರಾಸರಿ 15,000 ಹ್ಯಾಂಡ್, ಅಂದರೆ 50 ಗಂಟೆ ಬೇಕು, ಮೇಲಿನ ಮೇಜಿನಲ್ಲಿ ಮೂರು ಪಾಟ್ ಗೆದ್ದರೆ ಸಾಕು. ಸೋಲಿನ ಸಿಟ್ಟಿನಲ್ಲಿ ವಿವೇಚನೆ ತಪ್ಪಿ ಆಡುವ ಟಿಲ್ಟ್ ಎಂಬ ಸ್ಥಿತಿ ಹುಟ್ಟುವುದು ಈ ಹೋಲಿಕೆಯಿಂದಲೇ. ಆದ್ದರಿಂದ ಇಳಿಯುವ ಮೊತ್ತವನ್ನು ಏರುವ ಮೊದಲೇ ಬರೆದಿಡಬೇಕು, ಪರವಾನಗಿ ಪಡೆದ ತಾಣಗಳು ಒದಗಿಸುವ ಠೇವಣಿ ಮಿತಿಯನ್ನೂ ಅಂದೇ ನಿಗದಿಪಡಿಸಬೇಕು. ಸೋತ ಮೇಲೆ ಜೇಬಿನಿಂದ ಹೊಸ ಹಣ ತುಂಬುವವನಿಗೆ ಬ್ಯಾಂಕ್‌ರೋಲ್ ಇದೆ ಎನ್ನಲಾಗದು.

ಟೂರ್ನಮೆಂಟ್‌ಗಳಲ್ಲಿ ಬಹುಮಾನದ ದೊಡ್ಡ ಪಾಲು ಮೊದಲ ಕೆಲವು ಸ್ಥಾನಗಳಿಗೇ ಹೋಗುವುದರಿಂದ ಏರಿಳಿತ ಇನ್ನೂ ತೀವ್ರ. ಅಲ್ಲಿ 100 ಪ್ರವೇಶ ಶುಲ್ಕಗಳಷ್ಟು ಹಣ ಕನಿಷ್ಠ.

ಐದನೆಯ ಹೆಜ್ಜೆ: ಹಣ ಇರುವ ಜಾಗ

2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯ ಇಲಾಖೆ ಪ್ರಮುಖ ಪೋಕರ್ ತಾಣಗಳ ವಿರುದ್ಧ ಕ್ರಮ ಕೈಗೊಂಡಾಗ ಫುಲ್ ಟಿಲ್ಟ್ ಕೂಡ ಅದರಲ್ಲಿತ್ತು. ಆಟಗಾರರಿಗೆ ಸುಮಾರು 39 ಕೋಟಿ ಡಾಲರ್ ಬಾಕಿಯಿದ್ದರೂ ಕಂಪನಿಯ ಬ್ಯಾಂಕ್ ಖಾತೆಗಳಲ್ಲಿ ಸುಮಾರು 6 ಕೋಟಿ ಮಾತ್ರ ಇತ್ತೆಂದು ಇಲಾಖೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆರೋಪಿಸಿತು. ಫರ್ಗುಸನ್ ಅದರ ನಿರ್ದೇಶಕರಲ್ಲೊಬ್ಬರಾಗಿದ್ದರು ಎಂಬುದು ಈ ಕಥೆಯ ವಿಪರ್ಯಾಸ. ಅಮೆರಿಕದ ಆಟಗಾರರಿಗೆ ಹಣ ಮರಳತೊಡಗಿದ್ದು 2014ರಲ್ಲಿ. ಶೇ 5ರ ನಿಯಮವನ್ನು ಚಾಚೂತಪ್ಪದೆ ಪಾಲಿಸಿದವನ ಹಣವೂ ಅಲ್ಲಿ ಸಿಲುಕಿಕೊಂಡಿತ್ತು. ಹೀಗಾಗಿ ತಾಣದಲ್ಲಿ ಆ ವಾರದ ಆಟಕ್ಕೆ ಬೇಕಾದ ಬೈ-ಇನ್‌ಗಳನ್ನಷ್ಟೇ ಇಟ್ಟು ಉಳಿದದ್ದನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡುವುದು ಲೇಸು; ಬ್ರಿಟನ್‌ನಲ್ಲಿ ಗ್ರಾಹಕರ ಹಣಕ್ಕೆ ಯಾವ ಮಟ್ಟದ ರಕ್ಷಣೆಯಿದೆ ಎಂಬುದನ್ನು ಪ್ರತಿ ಪರವಾನಗಿದಾರನೂ ಗ್ರಾಹಕರಿಗೆ ತಿಳಿಸಬೇಕಾಗಿದ್ದು, ಖಾತೆ ತೆರೆಯುವ ಮೊದಲು ಅದನ್ನು ಓದಬೇಕು.

ತೆರಿಗೆಯನ್ನೂ ಇದೇ ಲೆಕ್ಕದಲ್ಲಿ ಸೇರಿಸಬೇಕಾಗುತ್ತದೆ. ಬ್ರಿಟನ್‌ನಲ್ಲಿ ಆಟಗಾರನ ಗೆಲುವಿಗೆ ತೆರಿಗೆಯಿಲ್ಲ. ಅಮೆರಿಕದಲ್ಲಿ ಇದೆ, ಅಲ್ಲದೆ 2025ರ ಜುಲೈನಲ್ಲಿ ಅಂಗೀಕಾರವಾದ ಕಾಯ್ದೆಯು 2026ರ ತೆರಿಗೆ ವರ್ಷದಿಂದ ಜೂಜಿನ ನಷ್ಟದ ಶೇ 90ನ್ನು ಮಾತ್ರ ಗೆಲುವಿನಿಂದ ಕಳೆಯಲು ಅವಕಾಶ ನೀಡಿತು. ಅದರ ಪ್ರಕಾರ ವರ್ಷದಲ್ಲಿ 50,000 ಡಾಲರ್ ಗೆದ್ದು ಅಷ್ಟೇ ಸೋತವನ ಲೆಕ್ಕದಲ್ಲೂ 5,000 ಡಾಲರ್ ತೆರಿಗೆಗೆ ಒಳಪಡುವ ಆದಾಯವಾಗಿ ಉಳಿಯುತ್ತದೆ. ಆ ತೆರಿಗೆಯ ಮೊತ್ತವನ್ನು ಬ್ಯಾಂಕ್‌ರೋಲಿನಿಂದ ಆಗಿಂದಾಗ್ಗೆ ಹೊರಗೆ ತೆಗೆದಿಟ್ಟು, ಮಿಕ್ಕಿದ್ದರಲ್ಲಿ ಎಷ್ಟು ಬೈ-ಇನ್ ಇದೆಯೆಂದು ಎಣಿಸಿದ ಮೇಲೆಯೇ ಮುಂದಿನ ಮೇಜನ್ನು ಆರಿಸಿಕೊಳ್ಳಬೇಕು.