ಚಿಮಣಿಯ ಹೊಗೆಯನ್ನು ಅಳೆಯುವುದು ಹೇಗೆ?



ಕಪ್ಪು ಹೊಗೆ ಕಂಡರೆ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಬಿಳಿ ಹೊಗೆ ಕಂಡರೆ ಸುಮ್ಮನಿರುತ್ತೇವೆ. ಈ ಲೆಕ್ಕ ಸರಿಯಲ್ಲ. ಬೆಳ್ಳಗೆ ಕಾಣೋದು ಎಷ್ಟೋ ಸಲ ಬರೀ ನೀರಾವಿ. ಏನೂ ಕಾಣಿಸದ ಚಿಮಣಿಯಿಂದಲೂ ವಿಷ ಹೊರಗೆ ಬರ್ತಾ ಇರಬಹುದು. ಹಾಗಾದರೆ ಗೊತ್ತುಮಾಡೋದು ಹೇಗೆ? ಅಳೆಯಬೇಕು. ಅಳೆಯೋದರಲ್ಲೂ ಎಷ್ಟು ಎಡವಟ್ಟಾಗಬಹುದು ಅನ್ನೋದನ್ನು ಈ ಪಾಠದಲ್ಲಿ ಬರೆಯುತ್ತೇನೆ.

ಉದಾಹರಣೆಗೆ ಆಸ್ಪತ್ರೆ ಕಸ ಸುಡುವ ಕುಲುಮೆಯನ್ನು ತೆಗೆದುಕೊಂಡಿದ್ದೇನೆ. ಆಸ್ಪತ್ರೆಯಲ್ಲಿ ಹಳದಿ ಚೀಲ, ಕೆಂಪು ಚೀಲ ನೋಡಿರುತ್ತೀರಿ. ರಕ್ತದ ಹತ್ತಿ, ಬ್ಯಾಂಡೇಜು, ಅವಧಿ ಮುಗಿದ ಔಷಧಿ ಹಳದಿ ಚೀಲಕ್ಕೆ ಹೋಗುತ್ತವೆ. ಹಳದಿ ಚೀಲದ ಕಸವನ್ನು ಹೆಚ್ಚಾಗಿ ಹಲವು ಆಸ್ಪತ್ರೆಗಳಿಗೆ ಸೇರಿದ ಒಂದು ದೊಡ್ಡ ಘಟಕದಲ್ಲಿ ಸುಡುತ್ತಾರೆ. ಡ್ರಿಪ್ ನಳಿಕೆಯಂಥ ಪ್ಲಾಸ್ಟಿಕ್ಕು ಕೆಂಪು ಚೀಲಕ್ಕೆ. ಅದನ್ನು ಸುಡಬಾರದು, ಬಿಸಿ ಹಬೆಯಲ್ಲಿ ಶುದ್ಧಮಾಡಿ ಪುಡಿ ಮಾಡಬೇಕು. ಯಾಕೆ ಅಂದ್ರೆ ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇರ್ತದೆ. ಕ್ಲೋರಿನ್ ಇರುವ ವಸ್ತು ಸರಿಯಾಗಿ ಉರಿಯದೆ ಹೋದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಉರಿಯುವಾಗ ಮಾತ್ರವಲ್ಲ, ಹೊಗೆ ನಿಧಾನವಾಗಿ ತಣ್ಣಗಾಗುವಾಗಲೂ, ಸುಮಾರು 200ರಿಂದ 450 ಡಿಗ್ರಿ ನಡುವೆ, ಬೂದಿಯ ಕಣಗಳ ಮೇಲೆ ಅದು ಮತ್ತೆ ಹುಟ್ಟಬಹುದು.

1976ರ ಜುಲೈ 10ರಂದು ಇಟಲಿಯ ಸೆವೆಸೊ ಎಂಬ ಊರಿನ ಪಕ್ಕದ ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಹೊರಗೆ ಬಂತು. ಕೋಳಿ, ಮೊಲ ಸತ್ತವು. ಮಕ್ಕಳ ಚರ್ಮದ ಮೇಲೆ ಗುಳ್ಳೆ ಎದ್ದವು. ಡಯಾಕ್ಸಿನ್ ನೀರಿನಲ್ಲಿ ಕರಗೋದಿಲ್ಲ ಅಂತಲೇ ಹೇಳಬೇಕು, ಕೊಬ್ಬಿನಲ್ಲಿ ಕೂತುಕೊಳ್ಳುತ್ತದೆ. ಹೊಗೆಯಿಂದ ಹುಲ್ಲಿನ ಮೇಲೆ ಬೀಳುತ್ತದೆ, ಹಸು ಹುಲ್ಲು ಮೇಯುತ್ತದೆ, ಹಾಲಿನ ಜಿಡ್ಡಿನಲ್ಲಿ ನಮ್ಮ ಮನೆಗೆ ಬರುತ್ತದೆ.

ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಚಿಮಣಿಯ ಒಂದು ಘನ ಮೀಟರ್ ಹೊಗೆಯಲ್ಲಿ ದೂಳು 50 ಮಿಲಿಗ್ರಾಂ, ಪಾದರಸ 0.05 ಮಿಲಿಗ್ರಾಂ, ಡಯಾಕ್ಸಿನ್ 0.1 ನ್ಯಾನೊಗ್ರಾಂ ಮೀರಬಾರದು. 0.1 ನ್ಯಾನೊಗ್ರಾಂ ಅಂದ್ರೆ ಒಂದು ಗ್ರಾಂ ಸಕ್ಕರೆಯನ್ನು ಸಾವಿರ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು! ನಾನು ಸೊನ್ನೆ ಹಾಕಿ ನೋಡಿದೆ, ಒಂದರ ಮುಂದೆ ಹತ್ತು ಸೊನ್ನೆ ಬಂತು. ಡಯಾಕ್ಸಿನ್ ಒಂದೇ ವಸ್ತುವೂ ಅಲ್ಲ. ಅದರ ಬಳಗದಲ್ಲಿ ಒಟ್ಟು 210 ಇವೆ, ಬಹಳ ವಿಷವಾದವು 17. ರೂಪಾಯಿ, ಎಂಟಾಣೆ, ನಾಲ್ಕಾಣೆ ಎಲ್ಲ ಕೂಡಿಸಿ ಇಷ್ಟು ರೂಪಾಯಿ ಅನ್ನುವ ಹಾಗೆ, ಒಂದೊಂದರ ವಿಷಕ್ಕೆ ಒಂದೊಂದು ಬೆಲೆ ಕಟ್ಟಿ ಒಟ್ಟು ಲೆಕ್ಕ ಹೇಳುತ್ತಾರೆ.

ಈಗ ಅಳತೆಗೆ ಬರೋಣ. ಚಿಮಣಿಯಲ್ಲಿ ಒಂದು ತೂತು ಇಟ್ಟಿರುತ್ತಾರೆ. ಅದು ಎಲ್ಲೆಂದರಲ್ಲಿ ಇರಬಾರದು. ಚಿಮಣಿ 1 ಮೀಟರ್ ಅಗಲ ಇದ್ದರೆ, ಕೆಳಗಿನ ತಿರುವಿನಿಂದ 8 ಮೀಟರ್ ಮೇಲೆ, ತುದಿಯಿಂದ 2 ಮೀಟರ್ ಕೆಳಗೆ ಇರಬೇಕು. ತಿರುವಿನ ಹತ್ತಿರ ಹೊಗೆ ಸುಳಿ ಸುತ್ತುತ್ತದೆ, ಅಲ್ಲಿ ಹಿಡಿದರೆ ಲೆಕ್ಕ ಕೆಡುತ್ತದೆ. ತೂತಿನಲ್ಲಿ ಮೊದಲು ಪೀಟೊ ನಳಿಕೆ ಇಳಿಸಿ ಹೊಗೆಯ ವೇಗ ನೋಡುತ್ತಾರೆ. ಇದನ್ನು ಫ್ರಾನ್ಸಿನ ಹೆನ್ರಿ ಪೀಟೊ 1732ರಲ್ಲಿ ಸೇನ್ ನದಿಯ ವೇಗ ಅಳೆಯಲು ಮಾಡಿದ್ದು. ಆಮೇಲೆ ಇನ್ನೊಂದು ನಳಿಕೆಯಿಂದ ಹೊಗೆಯನ್ನು ಹೀರಬೇಕು, ಅದೂ ಹೊಗೆ ಹೋಗುವ ವೇಗದಲ್ಲೇ. ಇದು ನನಗೆ ಮೊದಲು ಅರ್ಥವಾಗಲಿಲ್ಲ. ಕಬ್ಬಿನ ಗಾಡಿಯನ್ನೂ ಸೈಕಲ್ಲನ್ನೂ ನೆನೆದುಕೊಂಡ ಮೇಲೆ ಆಯ್ತು. ಸೈಕಲ್ಲು ಥಟ್ಟನೆ ತಿರುಗುತ್ತದೆ, ತುಂಬಿದ ಗಾಡಿ ತಿರುಗೋಲ್ಲ, ನೆಟ್ಟಗೆ ಹೋಗುತ್ತದೆ. ಗಾಳಿ ಸೈಕಲ್ಲು, ದಪ್ಪ ದೂಳು ಗಾಡಿ. ನಿಧಾನವಾಗಿ ಹೀರಿದರೆ ಗಾಳಿ ಪಕ್ಕಕ್ಕೆ ಸರಿದು ಹೋಗುತ್ತದೆ, ದೂಳು ಮಾತ್ರ ನೆಟ್ಟಗೆ ನಳಿಕೆಯೊಳಗೆ ನುಗ್ಗುತ್ತದೆ, ಆಗ ಅಂಕಿ ಹೆಚ್ಚು ಬರುತ್ತದೆ. ಜೋರಾಗಿ ಹೀರಿದರೆ ಸುತ್ತಲಿನ ಗಾಳಿ ಒಳಗೆ ಬರುತ್ತದೆ, ಅದರ ದೂಳು ಬರೋದಿಲ್ಲ, ಅಂಕಿ ಕಡಿಮೆ. ಕಡಿಮೆ ತೋರಿಸಬೇಕು ಅನ್ನುವವನಿಗೆ ಇದೊಂದು ದಾರಿ ಆಯ್ತಲ್ಲ!

ದೂಳಿನ ಲೆಕ್ಕ ಸುಲಭ. ಸೋಸುವ ಬತ್ತಿಯನ್ನು ಮೊದಲು ತೂಗಿ, ಆಮೇಲೆ ತೂಗಿ, ಹೆಚ್ಚಾದ ತೂಕವನ್ನು ಹೀರಿದ ಹೊಗೆಯ ಘನ ಮೀಟರಿನಿಂದ ಭಾಗಿಸಬೇಕು. ಡಯಾಕ್ಸಿನ್‌ಗೆ ಅಷ್ಟು ಸಾಲದು. ಹೊಗೆಯನ್ನು ತಣ್ಣಗೆ ಮಾಡಿ ರಾಳದ ಮಣಿಗಳ ಮೂಲಕ ಗಂಟೆಗಟ್ಟಲೆ ಹಾಯಿಸಿ, ಮಣಿಗಳನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕು.

ಇನ್ನೊಂದು ಉಪಾಯ ಹಾಲು ಹಾಕುವವರಿಗೆಲ್ಲ ಗೊತ್ತಿರುವುದೇ. ಹಾಲಿಗೆ ನೀರು ಬೆರೆಸಿದರೆ ಲೀಟರಿಗೆ ಜಿಡ್ಡು ಕಡಿಮೆ ಆಗುತ್ತದೆ. ಹೊಗೆಗೆ ಗಾಳಿ ಬೆರೆಸಿದರೆ ಘನ ಮೀಟರಿಗೆ ವಿಷ ಕಡಿಮೆ ಆಗುತ್ತದೆ. ವಿಷ ಅಷ್ಟೇ ಇದೆ, ಆದರೆ ಕಾಗದದ ಮೇಲೆ ಅರ್ಧ! ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇರುವ ಹಾಗೆ ಇಲ್ಲಿ ಆಮ್ಲಜನಕವೇ ಕಳ್ಳನನ್ನು ಹಿಡಿಯುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ. 21. ಉರಿದಾಗ ಅದು ಇಳಿಯುತ್ತದೆ. ಈ ಕುಲುಮೆಗಳ ಅಂಕಿಯನ್ನೆಲ್ಲ ಶೇ. 11 ಆಮ್ಲಜನಕಕ್ಕೆ ಸರಿಪಡಿಸಿ ಹೇಳಬೇಕು ಅಂತ ನಿಯಮ ಇದೆ. ಲೆಕ್ಕ ಮಾಡಿ ನೋಡಿ. ದೂಳು 30 ಮಿಲಿಗ್ರಾಂ, ಆಮ್ಲಜನಕ ಶೇ. 16 ಬಂತು ಅನ್ನಿ. 21ರಲ್ಲಿ 11 ಕಳೆದರೆ 10. 21ರಲ್ಲಿ 16 ಕಳೆದರೆ 5. ಹತ್ತನ್ನು ಐದರಿಂದ ಭಾಗಿಸಿದರೆ 2. ಮೂವತ್ತನ್ನು ಎರಡರಿಂದ ಗುಣಿಸಿದರೆ 60. ಮಿತಿ 50! ಪಾಸಾದ ಚಿಮಣಿ ಫೇಲು.

ಇಷ್ಟೆಲ್ಲ ಸರಿ ಮಾಡಿದರೂ ಒಂದು ದೊಡ್ಡ ತೂತು ಉಳಿಯುತ್ತದೆ. ಅದು ಕಾಲದ್ದು. ಡಯಾಕ್ಸಿನ್ ಪರೀಕ್ಷೆ ಕಡ್ಡಾಯ ಇರುವುದು ವರ್ಷಕ್ಕೆ ಒಮ್ಮೆ. ವರ್ಷಕ್ಕೆ 8,760 ಗಂಟೆ. ಪರೀಕ್ಷೆಗೆ ಎಂಟು ಗಂಟೆ ಹಿಡಿದರೂ ಅದು ಸಾವಿರಕ್ಕೆ ಒಂದು ಪಾಲೂ ಆಗೋಲ್ಲ. ಇನ್‌ಸ್ಪೆಕ್ಟರು ಬರುವ ದಿನ ನಾವು ಶಾಲೆಯನ್ನು ಹೇಗೆ ಗುಡಿಸುತ್ತೇವೆ ಅಂತ ಎಲ್ಲರಿಗೂ ಗೊತ್ತು (ಗುರುಗಳು ಬೇಸರ ಮಾಡಬಾರದು). 1998ರಲ್ಲಿ ಬೆಲ್ಜಿಯಂ ದೇಶದ ಸಂಶೋಧಕರು ಕಸ ಸುಡುವ ಒಂದು ಕುಲುಮೆಯ ಲೆಕ್ಕ ಪ್ರಕಟಿಸಿದರು. ಆರು ಗಂಟೆಯ ಮಾಮೂಲಿ ಪರೀಕ್ಷೆಯ ಅಂಕಿಗೂ ಎರಡು ವಾರ ಬಿಡದೆ ಹೀರಿದ ಅಂಕಿಗೂ ಹೋಲಿಸಿದರೆ, ಎರಡನೆಯದು 30ರಿಂದ 50 ಪಟ್ಟು ಹೆಚ್ಚು! ಕುಲುಮೆ ಹೊತ್ತಿಸುವಾಗ, ಆರಿಸುವಾಗ, ಕೆಟ್ಟು ನಿಂತಾಗ ಉರಿ ಸಾಲದೆ ಡಯಾಕ್ಸಿನ್ ಹೆಚ್ಚು ಬರುತ್ತದೆ, ಪರೀಕ್ಷೆ ಮಾಡೋದು ಚೆನ್ನಾಗಿ ಉರಿಯುವಾಗ. ಆಮೇಲೆ ಅಲ್ಲಿನ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ ಕಸದ ಕುಲುಮೆಗಳಿಗೆ ಎರಡೆರಡು ವಾರ ಬಿಡದೆ ಹೀರುವ ಯಂತ್ರವನ್ನು ಕಡ್ಡಾಯ ಮಾಡಿದರು.

ನಮ್ಮಲ್ಲಿ ಬಿಡದೆ ನೋಡುವ ಯಂತ್ರ ಇಲ್ಲವೇ ಇಲ್ಲ ಅಂತಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ 17 ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳಿಗೂ ಇಂಥ ಕಸದ ಘಟಕಗಳಿಗೂ ಆನ್‌ಲೈನ್ ಯಂತ್ರ ಹಾಕಲು ಹೇಳಿತು. ಆದರೆ ಅವು ಡಯಾಕ್ಸಿನ್ ಅಳೆಯೋದಿಲ್ಲ. ಬೇರೆ ಅನಿಲಗಳ ಜೊತೆಗೆ ಕುಲುಮೆಯ ಬಿಸಿಯನ್ನೂ ಕಾರ್ಬನ್ ಮೊನಾಕ್ಸೈಡನ್ನೂ ನೋಡಿ, ಉರಿ ಸರಿ ಇದೆಯೋ ಇಲ್ಲವೋ ಊಹಿಸಬಹುದು. ಎರಡನೆಯ ಕೋಣೆಯ ಬಿಸಿ 1,050 ಡಿಗ್ರಿಯ ಆಸುಪಾಸು ಇರಬೇಕು, 50 ಹೆಚ್ಚು ಅಥವಾ 50 ಕಡಿಮೆ, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡು ನಿಲ್ಲಬೇಕು. ಬಿಸಿ ಇಳಿದ ಹೊತ್ತಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಏರಿದ್ದರೆ ಆ ಹೊತ್ತು ಅನುಮಾನ ಪಡಬೇಕು. ಆದ್ದರಿಂದ ಯಾರಾದರೂ ಚಿಮಣಿಯ ವರದಿ ತೋರಿಸಿದರೆ ವಿಷದ ಅಂಕಿ ಒಂದನ್ನೇ ಓದಿ ಕೊಡಬೇಡಿ. ಪಕ್ಕದ ಸಾಲಿನಲ್ಲಿ ಆಮ್ಲಜನಕ ಶೇಕಡಾ ಎಷ್ಟು, ಎಷ್ಟು ಗಂಟೆ ಹೀರಿದರು, ಆಗ ಕುಲುಮೆಯ ಬಿಸಿ ಎಷ್ಟಿತ್ತು ಅಂತ ಕೇಳಿ. ಆಮ್ಲಜನಕದ ಸಾಲು ಖಾಲಿ ಇದ್ದರೆ ಮೇಲಿನ ಲೆಕ್ಕ ಮಾಡೋಕೇ ಬರೋದಿಲ್ಲ.