ಖಾಲಿ ಹೋಗುವ ಕ್ಯಾಂಟರ್

ನಮ್ಮಮ್ಮನ ಒರಳುಕಲ್ಲು 92 ಕೆ.ಜಿ. ತೂಗುತ್ತದೆ ಅಂತ ನನಗೆ ಗೊತ್ತಾದದ್ದು 2018ರ ಮೇ ತಿಂಗಳಲ್ಲಿ. ತುಮಕೂರಿನ ಶಿರಾ ಗೇಟ್‌ನ ನಮ್ಮ ಮನೆಯ ಹಿತ್ತಲಿನಿಂದ ಅದನ್ನು ಇಬ್ಬರು ಸೇರಿ ಉರುಳಿಸಿಕೊಂಡು ಹೋಗಿ, ರಸ್ತೆಯಾಚೆಯ ಗುಜರಿ ಅಂಗಡಿಯ ತಕ್ಕಡಿ ಮೇಲೆ ಕೂರಿಸಿದೆವು. "ಕಲ್ಲು ತಗೊಳ್ಳಲ್ಲ ಸಾರ್, ಕಬ್ಬಿಣ ಇದ್ರೆ ತನ್ನಿ" ಅಂದ ಅಂಗಡಿಯವನು. ಮಾರೋಕಲ್ಲ ಕಣಯ್ಯ, ತೂಕ ನೋಡೋಕೆ ಅಂದಾಗ ಅವನು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ತೂಕ ಯಾಕೆ ಬೇಕಾಯಿತೆಂದರೆ, ಅಷ್ಟು ಹೊತ್ತಿಗೆ ನಾನು ಒಂದು ಹಳೇ ಟಾಟಾ ಏಸ್ ಕೊಳ್ಳಲು ಐದು ಸಾವಿರ ಮುಂಗಡ ಕೊಟ್ಟಾಗಿತ್ತು.

ನನಗೆ ಬೆಳಗಾವಿಗೆ ವರ್ಗವಾಗಿತ್ತು. ಕಂಪನಿಯವರು ಮನೆ ಸಾಮಾನು ಸಾಗಿಸಲು ಇಪ್ಪತ್ತು ಸಾವಿರ ಕೈಗೆ ಕೊಟ್ಟು, ಬಿಲ್ ಕೇಳಲ್ಲ, ಉಳಿದರೆ ನಿಮ್ಮದು ಅಂದುಬಿಟ್ಟರು. ಮನುಷ್ಯನ ತಲೆ ಕೆಡಿಸಲು ಇಂಥ ಒಂದು ಮಾತು ಸಾಕು. ಬಿಲ್ ಕೊಟ್ಟರೆ ದುಡ್ಡು ಅಂದಿದ್ದರೆ ಮೊದಲು ಸಿಕ್ಕ ಲಾರಿ ಆಫೀಸಿಗೆ ಹೋಗಿ ಕೆಲಸ ಮುಗಿಸುತ್ತಿದ್ದೆ. ಉಳಿದದ್ದು ನಿನ್ನದು ಅಂದ ಕೂಡಲೇ ನನ್ನೊಳಗಿನ ವ್ಯಾಪಾರಿ ಎದ್ದು ಕೂತ.

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು 38,000 ಹೇಳಿದರು. ಲಾರಿ ಬುಕಿಂಗ್ ಆಫೀಸಿನಲ್ಲಿ ಹದಿನೇಳು ಅಡಿ ಕ್ಯಾಂಟರ್‌ಗೆ 22,000. "ಎಲ್ಲಾ ಅಪ್ ಅಂಡ್ ಡೌನ್ ಲೆಕ್ಕ ಸಾರ್" ಅಂದ ಅಲ್ಲಿನ ಗುಮಾಸ್ತ. ಬೆಳಗಾವಿ ಇಲ್ಲಿಂದ ಸುಮಾರು 430 ಕಿಲೋಮೀಟರ್. ಹೋಗುವುದಕ್ಕೂ ಬಾಡಿಗೆ, ಗಾಡಿ ಖಾಲಿ ವಾಪಸ್ ಬರುವುದಕ್ಕೂ ಬಾಡಿಗೆ. ನನ್ನ ಬೀರು, ಮಂಚ ಇಳಿದ ಮೇಲೆ ಆ ಲಾರಿ ಗಾಳಿ ತುಂಬಿಕೊಂಡು ಶಿರಾ ಗೇಟ್‌ಗೆ ಮರಳುವುದಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು ಅನ್ನುವುದೇ ನನ್ನ ಸಿಟ್ಟು.

ಆಗ ಬಂದರು ಪಕ್ಕದ ಮನೆಯ ಅಣ್ಣ. ಗೋಡೆ ಕ್ಯಾಲೆಂಡರ್‌ನಿಂದ ಏಪ್ರಿಲ್ ಹಾಳೆ ಹರಿದು ಅದರ ಬೆನ್ನಿಗೆ ಲೆಕ್ಕ ಬರೆದರು. ಗುಬ್ಬಿ ಕಡೆ 2011ರ ಮಾಡೆಲ್ ಏಸ್ ಇದೆ, 1,45,000ಕ್ಕೆ ಸಿಗುತ್ತದೆ. ಸಾಮಾನು ಹಾಕಿಕೊಂಡು ಹೋಗು, ಬೆಳಗಾವಿಯಲ್ಲಿ 1,40,000ಕ್ಕೆ ಮಾರು. ಡೀಸೆಲ್ ಎರಡು ಸಾವಿರ. ಒಟ್ಟು ಖರ್ಚು ಏಳು, ಉಳಿತಾಯ ಹದಿಮೂರು. "ಬಾಡಿಗೆ ಕೊಟ್ಟರೆ ದುಡ್ಡು ಹೋಯ್ತು. ಗಾಡಿ ತಗೊಂಡ್ರೆ ದುಡ್ಡು ಗಾಡಿ ಒಳಗೇ ಇರುತ್ತೆ." ಈ ಮಾತಿನ ಮೋಡಿ ಎಂಥದ್ದೆಂದರೆ ಮಾರನೇ ದಿನ ಬೆಳಿಗ್ಗೆ ಗುಬ್ಬಿಗೆ ಹೋಗಿ ಮುಂಗಡ ಕೊಟ್ಟು ಬಂದೆ.

ಟಾಟಾ ಏಸ್ 2005ರಲ್ಲಿ ಬಂದಾಗಿನಿಂದ ಸಂದಿಗೊಂದಿಯ ವ್ಯಾಪಾರವನ್ನೆಲ್ಲ ಹೊತ್ತು ತಿರುಗಿದ ಗಾಡಿ. ಅದರ ಮೇಲೆ ನನಗೆ ದೂರಿಲ್ಲ. ಆದರೆ ಅದು ಹೊರುವುದು ಮುಕ್ಕಾಲು ಟನ್, ತೊಟ್ಟಿಯ ಉದ್ದ ಏಳು ಅಡಿ ಚಿಲ್ಲರೆ. ಇದು ತಲೆಗೆ ಹೊಳೆದದ್ದು ಅಮ್ಮ "ಒರಳು ಬಿಟ್ಟು ನಾನ್ ಬರಲ್ಲ ಕಣಪ್ಪ" ಅಂದ ಸಂಜೆ. ಅದಕ್ಕೇ ಗುಜರಿ ಅಂಗಡಿಯ ಮೆರವಣಿಗೆ. ಒರಳು 92, ಬೀರು ಎಂಬತ್ತರ ಮೇಲೆ, ಡಬಲ್ ಕಾಟ್, ಫ್ರಿಜ್, ವಾಷಿಂಗ್ ಮಷೀನ್, ನನ್ನ ಪುಸ್ತಕಗಳೇ ಒಂಬತ್ತು ಚೀಲ. ಕೂಡಿಸುತ್ತಾ ಹೋದರೆ ಒಂದೂವರೆ ಟನ್ ಹತ್ತಿರ ಬಂತು. ಅಂದರೆ ಎರಡು ಟ್ರಿಪ್. ಒಂದು ಸಲ ಹೋಗಿ, ಖಾಲಿ ಬಂದು, ಮತ್ತೆ ಹೋಗಬೇಕು. ಲಾರಿಯವನ ಖಾಲಿ ವಾಪಸಿಗೆ ಸಿಟ್ಟಾಗಿದ್ದವನು ಈಗ ಸ್ವಂತ ಡೀಸೆಲ್ ಸುಟ್ಟು ಖಾಲಿ ವಾಪಸ್ ಬರುವವನಿದ್ದೆ.

ಹಾಳೆಯಲ್ಲಿ ಉಳಿದಿದ್ದ ಜಾಗದಲ್ಲಿ ನನ್ನ ಹೆಂಡತಿ ಇನ್ನೊಂದು ಲೆಕ್ಕ ಬರೆದಳು. ಮೂರು ಸಲದ ದಾರಿಗೆ ಎಂಬತ್ತು ಲೀಟರ್ ಡೀಸೆಲ್, ಆಗ 70ರ ಆಸುಪಾಸು. ಕರ್ಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ, ಹಿರೇಬಾಗೇವಾಡಿ ಅಂತ ದಾರಿಯುದ್ದಕ್ಕೂ ಟೋಲ್. ಹಿಂದಿನ ಎರಡು ಟೈರ್ ಸವೆದಿದ್ದವು. ಇನ್ಶೂರೆನ್ಸ್ ಮುಗಿಯಲು ಮೂರು ವಾರ ಇತ್ತು. ಗೂಡ್ಸ್ ಗಾಡಿಯ ವಿಮೆ ಎಷ್ಟೆಂದು ಕಾರು ಓಡಿಸುವವರಿಗೆ ಅಂದಾಜಿರುವುದಿಲ್ಲ. 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ ನೋಡಿ: ಸಾವಿರದಿಂದ ಸಾವಿರದೈನೂರು ಸಿಸಿ ಒಳಗಿನ ಖಾಸಗಿ ಕಾರಿಗೆ 3,416 ರೂಪಾಯಿ, ಬಾಡಿಗೆಗೆ ಓಡುವ ಏಳೂವರೆ ಟನ್ ಒಳಗಿನ ಗೂಡ್ಸ್ ಗಾಡಿಗೆ 16,049. ಏಸ್‌ನಂಥ ಪುಟ್ಟ ಗಾಡಿಯೂ ಆ ಎರಡನೇ ಸಾಲಿಗೇ ಸೇರುತ್ತದೆ.

ಕೊನೆಯ ಸಾಲು ಬರೆಯುವ ಮುಂಚೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ರೀ, ಬೆಳಗಾವಿಯಲ್ಲಿ ಆ ಗಾಡಿ ಯಾರಿಗೆ ಮಾರ್ತೀರಿ?" ನನಗೆ ಅಲ್ಲಿ ಒಬ್ಬ ಮೆಕ್ಯಾನಿಕ್ ಗೊತ್ತಿಲ್ಲ, ಒಬ್ಬ ಬ್ರೋಕರ್ ಗೊತ್ತಿಲ್ಲ. ತುಮಕೂರಿನ ಕೆಎ-06 ಬೋರ್ಡಿನ ಏಳು ವರ್ಷದ ಗಾಡಿಯನ್ನು ತುರ್ತಾಗಿ ಮಾರಲು ನಿಂತ ಹೊಸಬನನ್ನು ಸಂತೆಯಲ್ಲಿ ಯಾರಾದರೂ ದೂರದಿಂದಲೇ ಗುರುತಿಸುತ್ತಾರೆ. 1,20,000 ಬಂದರೆ ಪುಣ್ಯ ಅಂತ ಅವಳು ಬರೆದಳು. ನನ್ನ ರಜೆಯನ್ನು, ಎಫ್‌ಡಿ ಮುರಿದ ನಷ್ಟವನ್ನು ಸೇರಿಸದೆಯೇ ಮೊತ್ತ ಐವತ್ತು ಸಾವಿರ ಮುಟ್ಟಿತು. ಅಣ್ಣನ ಏಳು ಸಾವಿರ ಮತ್ತು ಈ ಐವತ್ತು ಒಂದೇ ಹಾಳೆಯ ಮೇಲಿದ್ದವು.

ಇನ್ನೊಂದು ವಿಷಯ ಹಾಳೆಯಲ್ಲಿರಲಿಲ್ಲ. ಗಾಡಿ ಮಾರುವವರು ನನಗೆ ಉಪಕಾರ ಮಾಡುವ ಧಾಟಿಯಲ್ಲಿ, "ಹದಿನೈದು ದಿನಕ್ಕೆ ಮಾರ್ತೀರಲ್ಲ, ನಿಮ್ಮ ಹೆಸರಿಗೆ ಯಾಕೆ? 29, 30ನೇ ಫಾರಂಗೆ ಸಹಿ ಹಾಕಿ ಖಾಲಿ ಕೊಡ್ತೀನಿ, ಅಲ್ಲಿ ಕೊಂಡವನ ಹೆಸರು ತುಂಬಿಸಿಬಿಡಿ" ಅಂದಿದ್ದರು. ಟ್ರಾನ್ಸ್‌ಫರ್ ಖರ್ಚು ಉಳಿಯಿತಲ್ಲ ಅಂತ ನಾನು ಹಿಗ್ಗಿದ್ದೆ. ನಿಜಕ್ಕೂ ಇದರಲ್ಲಿ ಹೆಚ್ಚು ಸಿಕ್ಕಿಬೀಳುತ್ತಿದ್ದವರು ಅವರೇ. ಅದೇ ವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಮೊಕದ್ದಮೆಯಲ್ಲಿ, ಹಲವು ಕೈ ದಾಟಿದ ಕಾರಿನ ಅಪಘಾತಕ್ಕೂ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ತೀರ್ಪು ಕೊಟ್ಟಿತ್ತು. ನಾನು ನನ್ನ ಹೆಸರಿಗೆ ಮಾಡಿಸಿಕೊಂಡು, ಬೆಳಗಾವಿಯಲ್ಲಿ ಇನ್ನೊಬ್ಬನಿಗೆ ಖಾಲಿ ಫಾರಂ ಕೊಟ್ಟು ಮಾರಿದ್ದರೆ ಆ ಜಾಗದಲ್ಲಿ ನಾನಿರುತ್ತಿದ್ದೆ. ಗಾಡಿ ಮಾರಿ ದುಡ್ಡು ಎಣಿಸಿಕೊಂಡರೂ ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ನಿದ್ದೆ ಮಾಡಬಾರದು.

ಏಸ್ ಕೊಳ್ಳುವ ಆಸೆ ಬಿಟ್ಟೆ. ಮುಂಗಡ ವಾಪಸ್ ಸಿಗಲಿಲ್ಲ. ಕೇಳುವುದಕ್ಕೂ ನನಗೆ ಮುಖವಿರಲಿಲ್ಲ.

ಕ್ಯಾಂಟರ್ ಸಿಕ್ಕಿದ್ದು ಶಿರಾ ಗೇಟ್‌ನಲ್ಲೇ. ಹೆದ್ದಾರಿ ಊರಾಚೆ ಹೋದ ಮೇಲೂ ಶಿರಾ, ಹಿರಿಯೂರು, ಚಿತ್ರದುರ್ಗದ ಕಡೆ ಹೋಗುವ ಎಷ್ಟೋ ಗಾಡಿಗಳು ಊಟಕ್ಕೋ, ಪಂಕ್ಚರ್‌ಗೋ, ಲೋಡ್ ಸಿಗುತ್ತದೇನೋ ಅಂತಲೋ ಈ ಕಡೆ ಬಂದು ನಿಲ್ಲುತ್ತವೆ. ಹತ್ತೊಂಬತ್ತು ವರ್ಷ ಅದೇ ರಸ್ತೆಯಲ್ಲಿ ಟೀ ಕುಡಿದವನು ನಂಬರ್ ಪ್ಲೇಟ್ ಓದಿರಲಿಲ್ಲ. ಈಗ ಓದತೊಡಗಿದೆ. ಕೆಎ-25 ಧಾರವಾಡ, ಕೆಎ-63 ಹುಬ್ಬಳ್ಳಿ, ಕೆಎ-22 ಬೆಳಗಾವಿ. ಮೂರನೇ ದಿನ ಒಂದು ಕೆಎ-22 ಕ್ಯಾಂಟರ್. ಬೆಂಗಳೂರಿನಲ್ಲಿ ಆಲೂಗಡ್ಡೆ ಇಳಿಸಿ ಊರಿಗೆ ಹೊರಟಿತ್ತು. ಡ್ರೈವರ್‌ನದೇ ಗಾಡಿ. "ನಾ ಹೆಂಗೂ ಖಾಲಿ ಹೊಂಟೇನ್ರಿ ಸರ. ಡೀಸೆಲ್ ರೊಕ್ಕ, ಮ್ಯಾಲ ನನಗೊಂದೀಟು ಉಳದ್ರ ಆತು" ಅಂದ. ಲೋಡ್ ಆಫೀಸಿನ ಮೂಲಕ ಮಾತಾಗಿ 13,000ಕ್ಕೆ ಒಪ್ಪಿದ. ಆದರೆ ಅವನು ಹೇಳಿದ ದಿನವೇ ಹೊರಡಬೇಕು. ಮರುವಾರ ಇನ್ನೊಂದು ಲೋಡ್ ಇಳಿಸಿ ಬರುತ್ತೇನೆ, ಗುರುವಾರ ಸಂಜೆ ತುಂಬಬೇಕು ಅಂದ. ಹೂಂ ಅಂದೆ. ಅದೇ ಉದ್ದದ ಗಾಡಿ, ಅದೇ ದಾರಿ. 22,000ಕ್ಕೂ 13,000ಕ್ಕೂ ಇರುವ ಅಂತರ ನನ್ನ ದಿನವನ್ನು ಅವನ ದಿನಕ್ಕೆ ಹೊಂದಿಸಿಕೊಂಡದ್ದರ ಬೆಲೆ.

ಬಾಡಿಗೆ ಅನ್ನುವುದು ಗಾಡಿಗಿಂತ ದಿಕ್ಕಿಗೆ ಕೊಡುವ ದುಡ್ಡು ಅಂತ ನನಗೆ ಅರ್ಥವಾದದ್ದು ಆಗ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಇದನ್ನೇ ದೊಡ್ಡ ಅಂಕಿಗಳಲ್ಲಿ ಹೇಳುತ್ತಾನೆ. ಅಲ್ಲಿ 1945ರಲ್ಲಿ ಶುರುವಾದ ಯು-ಹಾಲ್ ಎಂಬ ಕಂಪನಿಯ ಟ್ರಕ್ಕನ್ನು ಬಾಡಿಗೆಗೆ ಹಿಡಿದು ತಾವೇ ಓಡಿಸಿಕೊಂಡು ಹೋಗಿ ಇನ್ನೊಂದು ಊರಲ್ಲಿ ಬಿಡಬಹುದು. ಕೋವಿಡ್ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಜನ ಗುಳೆ ಹೊರಟಾಗ, ಆ ದಿಕ್ಕಿನ ಬಾಡಿಗೆ ಎದುರು ದಿಕ್ಕಿನದರ ಹಲವು ಪಟ್ಟಾಗಿತ್ತು. ಹಾಗಾಗಿ ಅಲ್ಲಿ ಕೆಲವರು ಹಳೇ ಟ್ರಕ್ ಕೊಂಡು, ಸಾಗಿಸಿ, ಮಾರುವುದುಂಟು. ನಮ್ಮ ಪಕ್ಕದ ಮನೆಯ ಅಣ್ಣನ ಲೆಕ್ಕ ಅಲ್ಲಿ ಸಲ್ಲಬಹುದು. ನಮ್ಮಲ್ಲಿ 1989ರ ರೆಂಟ್ ಎ ಕ್ಯಾಬ್ ಯೋಜನೆ ಕಾರುಗಳಿಗಷ್ಟೇ. ಲಾರಿ ಬಾಡಿಗೆಗೆ ಹಿಡಿದರೆ ಡ್ರೈವರ್ ಜತೆಗೇ ಬರುತ್ತಾನೆ. ಹಗ್ಗ, ಟಾರ್ಪಾಲು, ರಸ್ತೆಯ ತಿಳಿವಳಿಕೆ ಎಲ್ಲವೂ ಅವನ ಹಿಂದೆಯೇ ಬರುತ್ತವೆ. ಇಲ್ಲಿ ಬಾಡಿಗೆ ಅಗ್ಗವಾಗುವುದು ಅದಕ್ಕೇ ಅನ್ನಿಸುತ್ತದೆ ನನಗೆ.

ಆ ತಿಳಿವಳಿಕೆ ಎಂಥದ್ದು ಅಂತ ಗುರುವಾರ ನೋಡಿದೆ. ಹಮಾಲರು ಒರಳನ್ನು ಕಡೆಗೆ ಹಾಕೋಣ ಅಂತ ಬದಿಗಿಟ್ಟಿದ್ದರು. ಡ್ರೈವರ್ ಬೀಡಿ ಆರಿಸಿ ಬಂದು ಅದನ್ನೇ ಮೊದಲು ಹತ್ತಿಸಿ, ಕ್ಯಾಬಿನ್ನಿನ ಬೆನ್ನಿಗೆ ಆನಿಸಿ, ಎರಡೂ ಕಡೆ ಪುಸ್ತಕದ ಚೀಲ ಒತ್ತಿಸಿದ. "ತೂಕ ಮುಂದ ಇರಬೇಕ್ರಿ. ಹಿಂದ ಇಟ್ರ ಬ್ರೇಕ್ ಹಾಕಿದಾಗ ನಿಮ್ಮ ಫ್ರಿಜ್ ಅಪ್ಪಚ್ಚಿ." ಬೀರು ನಿಲ್ಲಿಸಿ, ಬಾಗಿಲು ಒಳಮುಖ ಮಾಡಿ, ನಡುವೆ ಹಾಸಿಗೆ. ಕನ್ನಡಿಯಿದ್ದ ಡ್ರೆಸ್ಸಿಂಗ್ ಟೇಬಲ್ ಕೊನೆಗೆ ಬಂತು. ಅಷ್ಟರಲ್ಲಿ ಹಾಸಿಗೆಗಳು ಮುಗಿದಿದ್ದವು.

ಆ ವರ್ಷ ಏಪ್ರಿಲ್ 1ರಿಂದ ಸರಕು ಸಾಗಣೆಗೆ ಇ-ವೇ ಬಿಲ್ ಜಾರಿಗೆ ಬಂದಿತ್ತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅವತ್ತೇ ಶುರು ಮಾಡಿದ್ದು ಕರ್ನಾಟಕ. ಡ್ರೈವರ್‌ಗೆ ಅದೇ ಹೆದರಿಕೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಡ ಅಂತ ನಿಯಮದಲ್ಲೇ ಇದೆ. ಆದರೂ ಸಾಮಾನಿನ ಪಟ್ಟಿ, ವರ್ಗದ ಆದೇಶದ ಪ್ರತಿ ಎರಡನ್ನೂ ಅವನ ಕೈಗೆ ಕೊಟ್ಟೆ. ಅವನ ಆರ್‌ಸಿ, ವಿಮೆ, ಲೈಸೆನ್ಸ್‌ನ ಫೋಟೊ ನಾನು ತೆಗೆದುಕೊಂಡೆ. ಅರ್ಧ ದುಡ್ಡು ತುಂಬಿದಾಗ, ಅರ್ಧ ಇಳಿಸಿದ ಮೇಲೆ. ಅಮ್ಮ, ಹೆಂಡತಿ, ಮಗಳು ರಾಣಿ ಚೆನ್ನಮ್ಮ ರೈಲು ಹತ್ತಿದರು. ನಾನು ಕ್ಯಾಬಿನ್‌ನಲ್ಲಿ.

ಡ್ರೆಸ್ಸಿಂಗ್ ಟೇಬಲ್‌ನ ಕನ್ನಡಿ ಎಲ್ಲಿ ಒಡೆಯಿತೋ ಗೊತ್ತಿಲ್ಲ. ಇಳಿಸುವಾಗ ಮೂರು ಚೂರಾಗಿತ್ತು. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಹೆಚ್ಚಿನ ಮೌಲ್ಯ ಬರೆಸದಿದ್ದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ. ಬುಕ್ ಮಾಡಿದ 180 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ಆದರೆ ಅದಕ್ಕೆಲ್ಲ ಲಾರಿ ರಸೀತಿ, ಅಂದರೆ ಎಲ್‌ಆರ್, ಕೈಯಲ್ಲಿರಬೇಕು. ನನ್ನ ಹತ್ತಿರ ಇದ್ದದ್ದು ಸಿಗರೇಟ್ ಪ್ಯಾಕ್ ಮೇಲೆ ಬರೆದ 13,000. ಪ್ಯಾಕರ್ಸ್‌ನವರ 38,000ದಲ್ಲಿ ಆ ರಸೀತಿಯ ಬೆಲೆಯೂ ಸೇರಿತ್ತು ಅಂತ ಆಗ ಒಪ್ಪಿಕೊಂಡೆ. ಪಿಯಾನೋ, ಗಾಜಿನ ಶೋಕೇಸು ಇರುವವರು ನನ್ನ ದಾರಿ ಹಿಡಿಯಬೇಡಿ.

ನನ್ನ ಖರ್ಚು ಹೀಗಿತ್ತು: ಬಾಡಿಗೆ 13,000, ತುಂಬುವ ಹಮಾಲಿ 1,800, ಇಳಿಸುವ ಹಮಾಲಿ 2,200, ರಟ್ಟಿನ ಡಬ್ಬ ಮತ್ತು ಗೋಣಿಚೀಲಕ್ಕೆ 900, ಆಫೀಸಿನ ಕಮಿಷನ್ 500, ದಾರಿಯ ಊಟ 500. ಒಟ್ಟು 18,900. ಇಪ್ಪತ್ತರಲ್ಲಿ ಉಳಿದದ್ದು ಸಾವಿರದ ನೂರು. ಕನ್ನಡಿಗೆ 2,400 ಮತ್ತು ಗುಬ್ಬಿಯ ಐದು ಸಾವಿರ ಕಳೆದರೆ ಉಳಿತಾಯದ ಆಸೆಗೆ ನಾನು ತೆತ್ತದ್ದು 6,300.

ಕೊಳ್ಳುವುದು ಯಾವಾಗಲೂ ತಪ್ಪು ಅಂತಲ್ಲ. ಕುಣಿಗಲ್‌ನಲ್ಲಿ ನನ್ನ ಸೋದರಮಾವನ ಮಗನದು ಮರಗೆಲಸ. ಹುಬ್ಬಳ್ಳಿಗೆ ವರ್ಕ್‌ಶಾಪ್ ಸಾಗಿಸುವಾಗ ಅವನು ಹಳೇ ಗೂಡ್ಸ್ ಗಾಡಿಯೊಂದನ್ನು ಕೊಂಡ. ಮೂರು ಟ್ರಿಪ್‌ನಲ್ಲಿ ಮಷೀನುಗಳು ಹೋದವು. ನಾಲ್ಕನೇ ದಿನದಿಂದ ಅದೇ ಗಾಡಿ ಬಾಗಿಲು, ಕಿಟಕಿ ಹೊತ್ತು ಗಿರಾಕಿಗಳ ಮನೆಗೆ ಓಡತೊಡಗಿತು. ಕಾರಿನ ಲೈಸೆನ್ಸ್ ಅವನಿಗೆ ಸಾಕಾಯಿತು. ಏಳೂವರೆ ಟನ್ ಒಳಗಿನ ಗಾಡಿಗೆ ಅದು ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ, 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಕೂಡ ಬೇಡ. ಎಂಟು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸುವ ತಾಪತ್ರಯ ಮಾತ್ರ ಇದ್ದೇ ಇದೆ. ಗಾಡಿಯನ್ನು ಬಾಡಿಗೆಗೂ ಬಿಡುತ್ತೇನೆ ಅನ್ನುವವರಿಗೆ ಆದಾಯ ತೆರಿಗೆಯವರೇ ಒಂದು ಅಂದಾಜು ಹಾಕಿಟ್ಟಿದ್ದಾರೆ. ಲೆಕ್ಕಪುಸ್ತಕ ಇಡದ ಸಣ್ಣ ಮಾಲೀಕನಿಗೆ ಭಾರೀ ಅಲ್ಲದ ಪ್ರತಿ ಗೂಡ್ಸ್ ಗಾಡಿಯಿಂದ ತಿಂಗಳಿಗೆ 7,500 ಲಾಭ ಅಂತ ಅವರ ಎಣಿಕೆ. ನನ್ನ ಏಸ್ ಬೆಳಗಾವಿಯ ಬಾಡಿಗೆ ಮನೆ ಮುಂದೆ ಮಾರಾಟಕ್ಕೆ ಕಾಯುತ್ತಾ ನಿಂತಿದ್ದರೆ ತಿಂಗಳಿಗೆ ಏನು ದುಡಿಯುತ್ತಿತ್ತು? ಬೆಕ್ಕಿಗೆ ನೆರಳು.

ನಾಲ್ಕು ವರ್ಷ ಕಳೆದು 2022ರಲ್ಲಿ ವಾಪಸ್ ತುಮಕೂರಿಗೆ ವರ್ಗವಾಯಿತು. ಡೀಸೆಲ್ 88 ಮುಟ್ಟಿತ್ತು. ಈ ಸಲ ನಾನು ಪ್ಯಾಕರ್ಸ್‌ಗೆ ಫೋನ್ ಮಾಡಲಿಲ್ಲ, ಯಾರ ಕ್ಯಾಲೆಂಡರ್ ಹಾಳೆಯನ್ನೂ ಹರಿಯಲಿಲ್ಲ. ಎರಡು ಹಾಸಿಗೆ ಹೆಚ್ಚಿಗೆ ತೆಗೆದಿಟ್ಟು, ಬೆಳಗಾವಿ ಎಪಿಎಂಸಿ ಹತ್ತಿರ ಮೂರು ಸಂಜೆ ಟೀ ಕುಡಿಯುತ್ತಾ ಕೆಎ-06 ಹುಡುಕಿದೆ. ತೆಂಗಿನಕಾಯಿ ಇಳಿಸಿದ ಕ್ಯಾಂಟರ್ ಒಂದು ಸಿಕ್ಕಿತು. ಡ್ರೈವರ್ ಗುಬ್ಬಿಯ ಹುಡುಗ. ಎಲ್‌ಆರ್ ಬರೆಸಿಕೊಂಡೇ ಮಾತು ಮುಗಿಸಿದೆ. ಸಾಮಾನು ನೋಡಲು ಬಂದವನು ಹಿತ್ತಲಲ್ಲಿ ಕಲ್ಲಿನ ಮುಂದೆ ನಿಂತು, "ಇದೂ ಬರುತ್ತಾ ಸಾರ್?" ಅಂತ ಕೇಳಿದ. ಒಳಗಿಂದ ಅಮ್ಮನೇ ಹೂಂ ಅಂದರು. ಹದಿನೈದು ಸಾವಿರ, ಒರಳು ಸೇರಿ.